ನೂರು ಪುಟವೂ ಸೈ, ಏಳುನೂರು ಪುಟವೂ ಸೈ: ಸಿಡ್ನಿಯ ಜಿರಮೊಂಡೊ ಪ್ರಕಾಶನ

ಒಂದೇ ಪ್ರಕಾಶನದ ಎರಡು ಕಾದಂಬರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಜೆಸಿಕಾ ಔ ಬರೆದ ‘ಕೋಲ್ಡ್ ಎನಫ್ ಫಾರ್ ಸ್ನೋ’ (2022). ನೂರು ಪುಟದ ಆಸುಪಾಸು, ಅಧ್ಯಾಯಗಳೇ ಇಲ್ಲ. ತಾಯಿ ಮಗಳು ಜಪಾನಿನಲ್ಲಿ ರೈಲು ಹತ್ತುತ್ತಾರೆ, ಚಿತ್ರಶಾಲೆ ನೋಡುತ್ತಾರೆ, ಮಳೆಯಲ್ಲಿ ನಡೆಯುತ್ತಾರೆ, ಅಷ್ಟೇ. ಮಧ್ಯಾಹ್ನ ಊಟ ಮಾಡಿ ಕೂತರೆ ಸಂಜೆ ಕಾಫಿ ಹೊತ್ತಿಗೆ ಮುಗಿಯುತ್ತದೆ. ಇನ್ನೊಂದು ಅಲೆಕ್ಸಿಸ್ ರೈಟ್ ಬರೆದ ‘ಪ್ರೇಯ್ಸ್‌ವರ್ದಿ’ (2023). ಏಳುನೂರು ಪುಟ ದಾಟುತ್ತದೆ. ಇದಕ್ಕೆ ಒಂದು ತಿಂಗಳು ಎತ್ತಿಡಬೇಕು, ಅದೂ ಬೇರೆ ಪುಸ್ತಕ ಮುಟ್ಟದೆ.

ಎರಡನ್ನೂ ಆಸ್ಟ್ರೇಲಿಯಾದಲ್ಲಿ ಹೊರತಂದದ್ದು ಸಿಡ್ನಿಯ ಜಿರಮೊಂಡೊ. ಈ ಪ್ರಕಾಶನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಷಯ ವೈವಿಧ್ಯವನ್ನು ಹೊಗಳುತ್ತಾರೆ: ಮೂಲನಿವಾಸಿ ಕಾದಂಬರಿ, ವಲಸಿಗರ ಕತೆ, ಕಾವ್ಯ, ಪ್ರಬಂಧ, ಅನುವಾದ. ಅದು ಸರಿಯೇ. ಆದರೆ ನನ್ನ ಮಟ್ಟಿಗೆ ಇವರ ನಿಜವಾದ ವೈವಿಧ್ಯ ಇರುವುದು ಅಳತೆಯಲ್ಲಿ. ದೊಡ್ಡ ಪ್ರಕಾಶಕರಿಗೆ ಹಿತವಾದ ಕಾದಂಬರಿ ಅಂದರೆ ಇನ್ನೂರೈವತ್ತರಿಂದ ಮುನ್ನೂರೈವತ್ತು ಪುಟ. ಅದಕ್ಕಿಂತ ತೆಳುವಾದರೆ ‘ಇಷ್ಟಕ್ಕೆ ಇಷ್ಟೊಂದು ದುಡ್ಡೇ’ ಎಂದು ಗಿರಾಕಿ ಕೆಳಗಿಡುತ್ತಾನೆ. ದಪ್ಪವಾದರೆ ಕಾಗದದ, ಹಸ್ತಪ್ರತಿ ತಿದ್ದುವ, ಸಾಗಾಟದ ಖರ್ಚೆಲ್ಲ ಮೈಮೇಲೆ ಬರುತ್ತದೆ. ಆ ನಡುವಿನ ಅಳತೆಗೆ ಹೊಂದದ ಹಸ್ತಪ್ರತಿಗಳೇ ಜಿರಮೊಂಡೊದ ಬೆಳೆ.

ಐವರ್ ಇಂಡಿಕ್ ಮತ್ತು ಎವೆಲಿನ್ ಜೂಯರ್ಸ್ 1995ರಲ್ಲಿ ಶುರು ಮಾಡಿದ ಪ್ರಕಾಶನ ಇದು. ಇಂಡಿಕ್ ಅವರು ಸಾಹಿತ್ಯದ ಮೇಷ್ಟ್ರು, ವಿಮರ್ಶಕ. ಜೂಯರ್ಸ್ ಸ್ವತಃ ಲೇಖಕಿ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟ ಹೈನ್‌ರಿಖ್ ಮಾನ್ ಮತ್ತವರ ಸುತ್ತಲಿನವರ ಬಗ್ಗೆ ಜೂಯರ್ಸ್ ಬರೆದ ‘ಹೌಸ್ ಆಫ್ ಎಕ್ಸೈಲ್’ 2008ರಲ್ಲಿ ಇಲ್ಲಿಂದಲೇ ಬಂತು. ಜಿರಮೊಂಡೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಲೋಕ ಸುತ್ತುವವನು. ತಮಾಷೆ ಎಂದರೆ, ಇವರ ಲೇಖಕರಲ್ಲಿ ಹೊರದೇಶದಲ್ಲೂ ಹೆಸರು ಮಾಡಿದ ಜೆರಾಲ್ಡ್ ಮರ್ನೇನ್ ಒಮ್ಮೆಯೂ ವಿಮಾನ ಹತ್ತಿದವರಲ್ಲ. ವಿಕ್ಟೋರಿಯಾ ರಾಜ್ಯ ಬಿಟ್ಟು ಹೊರಗೆ ಹೋದದ್ದೇ ಅಪರೂಪ. ಆ ರಾಜ್ಯದ ಪಶ್ಚಿಮದ ಅಂಚಿನಲ್ಲಿರುವ ಗೊರೋಕ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ಕುದುರೆ ಜೂಜಿನ ಲೆಕ್ಕ ಇಡುತ್ತಾ, ಕಡತದ ಬೀರುಗಳಲ್ಲಿ ತನ್ನ ಬರಹದ ಕಾಗದಗಳನ್ನೆಲ್ಲ ಜೋಡಿಸುತ್ತಾ ಬಂದವರು.

ಪುಸ್ತಕಕ್ಕಿಂತ ಮೊದಲು ಗಮನಿಸಬೇಕಾದದ್ದು ಇವರ ‘ಹೀಟ್’ ಸಾಹಿತ್ಯ ಪತ್ರಿಕೆಯನ್ನು. ಮೊದಲ ಸರಣಿ 1996ರಿಂದ 2000ದವರೆಗೆ 15 ಸಂಚಿಕೆ. ಎರಡನೆಯದು 2001ರಿಂದ 2011ರವರೆಗೆ 24 ಸಂಚಿಕೆ. ಆ ಕೊನೆಯ ಸಂಚಿಕೆಗೆ ‘ಸದ್ಯಕ್ಕೆ ಇಷ್ಟೇ’ ಎಂಬರ್ಥದ ತಲೆಬರಹ ಕೊಟ್ಟು ಅಂಗಡಿ ಮುಚ್ಚಿದರು. 2022ರಲ್ಲಿ ಮೂರನೇ ಸರಣಿ ಶುರುವಾಯಿತು, ಎರಡು ತಿಂಗಳಿಗೊಂದರಂತೆ, ಕೈಗೆ ಹಗುರಾದ ಪುಟ್ಟ ಪುಸ್ತಕದ ಆಕಾರದಲ್ಲಿ. ಭತ್ತದ ಗದ್ದೆಗೆ ಸಸಿಮಡಿ ಹೇಗೋ ಸಣ್ಣ ಪ್ರಕಾಶನಕ್ಕೆ ಪತ್ರಿಕೆ ಹಾಗೆ. ಮೂರು ಸಾವಿರ ಪದದ ತುಣುಕೊಂದನ್ನು ಅಚ್ಚು ಹಾಕಿ ನೋಡಿದರೆ ಲೇಖಕರ ಪದ್ಧತಿ ತಿಳಿಯುತ್ತದೆ: ತಿದ್ದುಪಡಿಗೆ ಒಪ್ಪುತ್ತಾರೋ, ಕೊಟ್ಟ ದಿನಕ್ಕೆ ಕಳಿಸುತ್ತಾರೋ, ಓದುಗರು ಕಾಗದ ಬರೆಯುತ್ತಾರೋ. ಇಡೀ ಪುಸ್ತಕಕ್ಕೆ ದುಡ್ಡು ಸುರಿಯುವ ಮೊದಲು ಇಷ್ಟು ಗೊತ್ತಾಗುವುದು ಸಣ್ಣ ಲಾಭವಲ್ಲ. ನಮ್ಮಲ್ಲೂ ಪತ್ರಿಕೆಯ ಬೆನ್ನಿಗೆ ಪ್ರಕಾಶನ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಪಟ್ಟಿಗೆ ಬರೋಣ. ತಿರುಳು ಅಲೆಕ್ಸಿಸ್ ರೈಟ್. ಇವರು ಉತ್ತರದ ಕಾರ್ಪೆಂಟೇರಿಯಾ ಕೊಲ್ಲಿಯ ಸೀಮೆಯ ವಾನ್ಯಿ ಜನಾಂಗದವರು. ಇವರ ಕಾದಂಬರಿ ‘ಕಾರ್ಪೆಂಟೇರಿಯಾ’ವನ್ನು ದೊಡ್ಡ ಪ್ರಕಾಶಕರು ಬೇಡ ಎಂದ ಮೇಲೆ 2006ರಲ್ಲಿ ಜಿರಮೊಂಡೊ ತಂದಿತು; 2007ರಲ್ಲಿ ಅದಕ್ಕೆ ಆಸ್ಟ್ರೇಲಿಯಾದ ದೊಡ್ಡ ಕಾದಂಬರಿ ಪ್ರಶಸ್ತಿಯಾದ ಮೈಲ್ಸ್ ಫ್ರಾಂಕ್ಲಿನ್ ಬಂತು. ಆಮೇಲೆ ‘ದ ಸ್ವಾನ್ ಬುಕ್’ (2013). ಆಮೇಲೆ ‘ಟ್ರ್ಯಾಕರ್’ (2017): ಟ್ರ್ಯಾಕರ್ ಟಿಲ್ಮೌತ್ ಎಂಬ ಮೂಲನಿವಾಸಿ ಮುಂದಾಳುವಿನ ಜೀವನಕಥೆ. ಇದನ್ನು ರೈಟ್ ತಾವೇ ನಿರೂಪಿಸಲಿಲ್ಲ. ಟ್ರ್ಯಾಕರ್‌ನನ್ನು ಬಲ್ಲವರೆಲ್ಲ ಸರದಿಯಂತೆ ಮಾತಾಡುತ್ತಾರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ, ನಡುವೆ ಟ್ರ್ಯಾಕರ್ ತಾನೇ ಬಂದು ಜೋಕು ಹೊಡೆಯುತ್ತಾನೆ. ಅರಳಿಕಟ್ಟೆಯ ಮೇಲೆ ಕೂತು ಸತ್ತವನ ಬಗ್ಗೆ ಮಾತಾಡಿದ ಹಾಗೆ. ಅದಕ್ಕೆ ಆಸ್ಟ್ರೇಲಿಯಾದ ಲೇಖಕಿಯರಿಗೆ ಕೊಡುವ ಸ್ಟೆಲ್ಲಾ ಪ್ರಶಸ್ತಿ, 2018ರಲ್ಲಿ. ‘ಪ್ರೇಯ್ಸ್‌ವರ್ದಿ’ಗೆ 2024ರಲ್ಲಿ ಸ್ಟೆಲ್ಲಾ ಮತ್ತು ಮೈಲ್ಸ್ ಫ್ರಾಂಕ್ಲಿನ್ ಎರಡೂ. ಸ್ಟೆಲ್ಲಾವನ್ನು ಎರಡು ಬಾರಿ ಪಡೆದ ಮೊದಲ ಲೇಖಕಿ ಇವರೇ.

ಹದಿನೇಳು ವರ್ಷ ಒಬ್ಬರ ಜೊತೆಗೆ ನಿಲ್ಲುವುದು ಎಂದರೆ ಇದು. ನಾಲ್ಕೂ ಪುಸ್ತಕ ನಾಲ್ಕು ಬಗೆ.

ಮರ್ನೇನ್ ವಿಷಯದಲ್ಲೂ ಹಾಗೇ ಆಯಿತು. 1974ರ ಮೊದಲ ಕಾದಂಬರಿ ‘ಟ್ಯಾಮರಿಸ್ಕ್ ರೋ’ ಅಚ್ಚಿನಲ್ಲಿ ಇಲ್ಲದಾಗ ಅದನ್ನು ಮತ್ತೆ ತಂದರು. ಪ್ರಬಂಧಗಳ ಸಂಕಲನ 2005ರಲ್ಲಿ ಬಂತು. ಬಹಳ ಕಾಲ ಕಾದಂಬರಿ ಬರೆಯದೆ ಇದ್ದ ಮನುಷ್ಯ 2009ರಲ್ಲಿ ‘ಬಾರ್ಲಿ ಪ್ಯಾಚ್’ ಕೊಟ್ಟರು, 2017ರಲ್ಲಿ ‘ಬಾರ್ಡರ್ ಡಿಸ್ಟ್ರಿಕ್ಟ್ಸ್’. ಕತೆ ಹುಡುಕಿಕೊಂಡು ಹೋದರೆ ಇಲ್ಲಿ ಏನೂ ಸಿಗದು. ಬಣ್ಣದ ಗಾಜಿನ ಮೇಲೆ ಬಿದ್ದ ಬೆಳಕಿನ ಬಗ್ಗೆ ಹತ್ತಾರು ಪುಟ ಓದುವ ತಾಳ್ಮೆ ಇದ್ದವರಿಗೆ ಮಾತ್ರ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸಿಡ್ನಿಯ ಪಶ್ಚಿಮದ ಬಡಾವಣೆಗಳಿಂದ ಲ್ಯೂಕ್ ಕಾರ್ಮನ್, ಮೈಕೆಲ್ ಮೊಹಮ್ಮದ್ ಅಹ್ಮದ್, ಫೆಲಿಸಿಟಿ ಕಾಸ್ಟಾನ್ಯಾ ಬಂದರು. ವೆನೆಸ್ಸಾ ಬೆರ್ರಿಯ ‘ಮಿರರ್ ಸಿಡ್ನಿ’ (2017) ಮರೆತುಹೋದ ಅಂಗಡಿ, ಗೋಡೆಬರಹ, ಪಾಳು ಕಟ್ಟಡಗಳ ಪುಸ್ತಕ. ನಕ್ಷೆಗಳನ್ನು ಲೇಖಕಿಯೇ ಕೈಯಲ್ಲಿ ಬರೆದಿದ್ದಾರೆ. ಕಾವ್ಯದಲ್ಲಿ ಜುಡಿತ್ ಬೆವರಿಜ್ ಅವರ ‘ದೇವದತ್ತಾಸ್ ಪೊಯಮ್ಸ್’ (2014) ನಮ್ಮವರು ಓದಲೇಬೇಕಾದದ್ದು. ಬುದ್ಧನ ದಾಯಾದಿ ದೇವದತ್ತನ ಬಾಯಲ್ಲಿ ಹೇಳಿಸಿದ ಕವಿತೆಗಳು, ಹೊಟ್ಟೆಕಿಚ್ಚು ಸಾಲುಸಾಲಲ್ಲೂ ಉರಿಯುತ್ತದೆ. ಇಂಡೊನೇಷ್ಯಾದ ಕವಿ ನಾರ್ಮನ್ ಎರಿಕ್ಸನ್ ಪಸಾರಿಬು ಟಿಫನಿ ತ್ಸಾವ್ ಅವರ ಅನುವಾದದಲ್ಲಿ ಬಂದರು.

ಸಾನ್ಯಾ ರುಶ್ದಿಯ ‘ಹಾಸ್ಪಿಟಲ್’ (2023) ಮಾತ್ರ ಸ್ವಲ್ಪ ನಿಂತು ನೋಡಬೇಕಾದ ಪುಸ್ತಕ. ಮೆಲ್ಬರ್ನಿನಲ್ಲಿ ನಡೆಯುವ ಕತೆ, ಬರೆದದ್ದು ಬಂಗಾಳಿಯಲ್ಲಿ, ಇಂಗ್ಲಿಷಿಗೆ ತಂದವರು ಭಾರತದ ಅರುಣಾವ ಸಿನ್ಹಾ. ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟ ಹೆಣ್ಣು ತನ್ನ ಕಾಯಿಲೆಯ ಹೆಸರನ್ನೇ ಪ್ರಶ್ನಿಸುತ್ತಾಳೆ, ಸಮಾಧಾನದ ದನಿಯಲ್ಲಿ, ಒಂದೂ ಚೀರಾಟವಿಲ್ಲದೆ. ಆಸ್ಟ್ರೇಲಿಯಾದಲ್ಲಿ ಕೂತು ತಾಯ್ನುಡಿಯಲ್ಲಿ ಬರೆದದ್ದು ಆಸ್ಟ್ರೇಲಿಯಾದ ಸಾಹಿತ್ಯವೇ ಎಂದು 2024ರ ಮೈಲ್ಸ್ ಫ್ರಾಂಕ್ಲಿನ್ ಅಂತಿಮ ಪಟ್ಟಿ ಒಪ್ಪಿಕೊಂಡಿತು. ಮೆಲ್ಬರ್ನ್, ಸಿಡ್ನಿಯಲ್ಲಿ ಕನ್ನಡದಲ್ಲಿ ಬರೆಯುವವರು ಇದನ್ನು ಗಮನಿಸಬೇಕು. ಆ ವರ್ಷದ ಅಂತಿಮ ಪಟ್ಟಿಯ ಆರು ಪುಸ್ತಕಗಳಲ್ಲಿ ಎರಡು ಜಿರಮೊಂಡೊದವು, ಮೂರು ಬೇರೆ ಸಣ್ಣ ಪ್ರಕಾಶನಗಳವು. ದೊಡ್ಡ ಮನೆಯದು ಒಂದೇ.

ಅಳತೆಯ ಮಾತಿಗೆ ವಾಪಸು ಬರುತ್ತೇನೆ, ಏಕೆಂದರೆ ಕಷ್ಟ ಇರುವುದು ಅಲ್ಲೇ. ಪುಸ್ತಕ ಹದಿನಾರು ಪುಟದ ಫಾರಂಗಳಲ್ಲಿ ಅಚ್ಚಾಗುತ್ತದೆ ಎಂದುಕೊಳ್ಳಿ. 96 ಪುಟ ಎಂದರೆ 6 ಫಾರಂ, 720 ಪುಟ ಎಂದರೆ 45 ಫಾರಂ. ಪುಸ್ತಕದ ಕಾಗದದ ಒಂದು ಹಾಳೆ ಸುಮಾರು 0.12 ಮಿಲಿಮೀಟರ್ ದಪ್ಪ. ಹಾಗಾದರೆ 96 ಪುಟದ, ಅಂದರೆ 48 ಹಾಳೆಯ ಪುಸ್ತಕದ ಬೆನ್ನು 6 ಮಿಲಿಮೀಟರಿಗೂ ಒಂದು ಕೂದಲು ಕಡಿಮೆ. 720 ಪುಟದ್ದು 43.

ತೆಳು ಬೆನ್ನಿನ ಕಾಟ ಏನೆಂದರೆ, ಬೈಂಡಿಂಗಿನಲ್ಲಿ ಮುಖಪುಟ ಒಂದೂವರೆ ಮಿಲಿಮೀಟರ್ ಅತ್ತಿತ್ತ ಸರಿಯುವುದು ಮಾಮೂಲು. ಆರು ಮಿಲಿಮೀಟರ್ ಬೆನ್ನಿನ ಮೇಲೆ ಹೆಸರು ಹಾಕಿದರೆ ಅಕ್ಷರ ಮಡಿಕೆ ದಾಟಿ ಮುಖಪುಟಕ್ಕೆ ಬರಬಹುದು. ಹೆಸರು ಹಾಕದೆ ಬಿಟ್ಟರೆ ಅಂಗಡಿಯ ಕಪಾಟಿನಲ್ಲಿ ಪುಸ್ತಕ ಕಾಣಿಸುವುದೇ ಇಲ್ಲ. ಪರಿಹಾರ ಮೂರು: ಸ್ವಲ್ಪ ಉಬ್ಬಿದ ಕಾಗದ ಬಳಸುವುದು, ಮುಖಪುಟಕ್ಕೆ ಒಳಮಡಿಕೆ ಕೊಟ್ಟು ಗಟ್ಟಿ ಮಾಡುವುದು, ಇಲ್ಲವೇ ಒಂದೇ ಮಾದರಿಯ ಮುಖಪುಟ ಮಾಡಿ ಅಂಗಡಿಯವರು ಪುಸ್ತಕವನ್ನು ಮುಖ ಮುಂದಾಗಿ ಇಡುವಂತೆ ನೋಡಿಕೊಳ್ಳುವುದು.

ದಪ್ಪ ಪುಸ್ತಕದ ಕಾಟ ಬೇರೆ. ಅಗ್ಗದ ಬಿಸಿ ಅಂಟು ಹಾಕಿದರೆ ನಡುವೆ ಬಿಡಿಸಿದ ಕೂಡಲೆ ಬೆನ್ನು ಬಿರಿಯುತ್ತದೆ. ಬಾಗುವ ಅಂಟು ಬೇಕು, ಅದು ದುಬಾರಿ. ಕಾಗದದ ಎಳೆ ಬೆನ್ನಿಗೆ ಸಮಾನಾಂತರವಾಗಿ ಇರದಿದ್ದರೆ ಪುಟಗಳು ಅಲೆಅಲೆಯಾಗಿ ಸೆಟೆದು ನಿಲ್ಲುತ್ತವೆ. ಒಳ ಅಂಚು ಎರಡು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಾಲಿನ ಕೊನೆಯ ಪದ ಮಡಿಕೆಯಲ್ಲಿ ಮುಳುಗುತ್ತದೆ. ತೂಕವೂ ಲೆಕ್ಕ ಹಾಕಿ: 14.8 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಉದ್ದದ 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ) ಹಾಳೆ ಸುಮಾರು ಎರಡೂವರೆ ಗ್ರಾಂ. 48 ಹಾಳೆಗೆ 120 ಗ್ರಾಂ, 360 ಹಾಳೆಗೆ 900 ಗ್ರಾಂ. ಆಸ್ಟ್ರೇಲಿಯಾದ ಒಳಗೆ 500 ಗ್ರಾಂ, 20 ಮಿಲಿಮೀಟರ್ ದಪ್ಪದವರೆಗೆ ದೊಡ್ಡ ಲಕೋಟೆಯ ದರದಲ್ಲಿ ಅಂಚೆಗೆ ಹಾಕಬಹುದು. ತೆಳು ಪುಸ್ತಕ ಹಾಗೆ ಹೋಗುತ್ತದೆ. ದಪ್ಪದ್ದು ಪಾರ್ಸೆಲ್ ಆಗುತ್ತದೆ.

ದುಡ್ಡಿನ ಲೆಕ್ಕವನ್ನೂ ಮಾದರಿಗೆ ಹಾಕಿ ನೋಡೋಣ. ಇವು ಜಿರಮೊಂಡೊದ ಲೆಕ್ಕಪುಸ್ತಕದ ಅಂಕಿಗಳಲ್ಲ. ಅಂಥ ಪ್ರಕಾಶನದ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ತೋರಿಸಲಿಕ್ಕೆ ಹಾಕಿದವು. ಬೆಲೆ 33 ಡಾಲರ್. ಅದರಲ್ಲಿ ಜಿಎಸ್‌ಟಿ 3 ಡಾಲರ್. ಅಲ್ಲಿ ಪುಸ್ತಕಕ್ಕೂ ಹತ್ತು ಪರ್ಸೆಂಟ್ ತೆರಿಗೆ ಇದೆ. ಉಳಿದ 30ರಲ್ಲಿ ಅಂಗಡಿ ಮತ್ತು ವಿತರಕ ಸೇರಿ 65 ಪರ್ಸೆಂಟ್ ತೆಗೆದರೆ 19.50 ಹೋಯಿತು. ಉಳಿದದ್ದು 10.50. ಲೇಖಕರ ರಾಯಧನ ಹತ್ತು ಪರ್ಸೆಂಟಿನಂತೆ 3. ಉಳಿದದ್ದು 7.50. 1,500 ಪ್ರತಿ ಹಾಕಿಸಿದಾಗ ಅಚ್ಚಿಗೆ ಪ್ರತಿಗೆ 4.50 ಬಿದ್ದರೆ ಕೈಯಲ್ಲಿ ಉಳಿಯುವುದು 3 ಡಾಲರ್. ಒಂದೂ ಬಿಡದೆ ಮಾರಿದರೆ ಒಟ್ಟು 4,500. ಗಂಟೆಗೆ ಆರು ಪುಟದಂತೆ 720 ಪುಟ ತಿದ್ದಲು ಸಂಪಾದಕರಿಗೆ 120 ಗಂಟೆ ಬೇಕು. ಗಂಟೆಗೆ 60 ಡಾಲರ್ ಎಂದರೂ 7,200. ಮುಖಪುಟದ ಕಲಾವಿದರಿಗೆ ಇನ್ನೂ ಕೊಟ್ಟೇ ಇಲ್ಲ, ಆಗಲೇ ನಷ್ಟ.

ಈ ಹಳ್ಳವನ್ನು ತುಂಬುವುದು ಅನುದಾನ. ಕ್ರಿಯೇಟಿವ್ ಆಸ್ಟ್ರೇಲಿಯಾ (2023ರವರೆಗೆ ಅದರ ಹೆಸರು ಆಸ್ಟ್ರೇಲಿಯಾ ಕೌನ್ಸಿಲ್) ಕೇಂದ್ರದ ದುಡ್ಡು ಹಂಚುತ್ತದೆ, ರಾಜ್ಯದ್ದು ಬೇರೆ. ಜಿರಮೊಂಡೊಗೆ ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯದ ಆಸರೆಯೂ ಇತ್ತು. ಇದರ ಜೊತೆಗೆ ಅಲ್ಲೊಂದು ಒಳ್ಳೆಯ ಪದ್ಧತಿ ಇದೆ: ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಪುಕ್ಕಟೆಯಾಗಿ ಓದಲು ಸಿಗುವುದರಿಂದ ಆಗುವ ನಷ್ಟಕ್ಕೆ ಸರ್ಕಾರ ಲೇಖಕರಿಗೂ ಪ್ರಕಾಶಕರಿಗೂ ವರ್ಷವರ್ಷ ಪರಿಹಾರ ಕೊಡುತ್ತದೆ. ನಮ್ಮ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪ್ರತಿ ಕೊಂಡ ಮೇಲೆ ಲೆಕ್ಕ ಮುಗಿಯಿತು. ಅಲ್ಲಿ ಪುಸ್ತಕ ಕಪಾಟಿನಲ್ಲಿ ಉಳಿದಷ್ಟು ಕಾಲ ದುಡ್ಡು ಬರುವ ಸಾಧ್ಯತೆ ಉಂಟು. ನಿಧಾನಕ್ಕೆ ಓದಿಸಿಕೊಳ್ಳುವ ಪುಸ್ತಕಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ.

ಪ್ರಶಸ್ತಿ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಮೈಲ್ಸ್ ಫ್ರಾಂಕ್ಲಿನ್‌ನ 60,000 ಡಾಲರ್ ಹೋಗುವುದು ಲೇಖಕರಿಗೆ. ಪ್ರಕಾಶಕರಿಗೆ ಬರುವುದು ಬೇಡಿಕೆ, ಅದೂ ಒಂದೇ ವಾರದಲ್ಲಿ. ಗೋದಾಮಿನಲ್ಲಿ 300 ಪ್ರತಿ ಇದ್ದು 4,000ಕ್ಕೆ ಆರ್ಡರ್ ಬಂದರೆ ಮರುಮುದ್ರಣಕ್ಕೆ ಓಡಬೇಕು. ಕಾಗದ ಸಿಕ್ಕಿ, ಅಚ್ಚಾಗಿ, ಅಂಗಡಿ ತಲುಪುವ ಹೊತ್ತಿಗೆ ಪತ್ರಿಕೆಗಳಲ್ಲಿ ಸುದ್ದಿ ಹಳತಾಗಿರುತ್ತದೆ. ಅಂಗಡಿಯವರು ಕೊಳ್ಳುವುದು ‘ಮಾರದಿದ್ದರೆ ವಾಪಸ್’ ಕರಾರಿನ ಮೇಲೆ. ಮೂರು ನಾಲ್ಕು ತಿಂಗಳಿಗೆ ಮೂಲೆ ಮಡಚಿದ, ಬೆಲೆಚೀಟಿ ಅಂಟಿಸಿದ ಪ್ರತಿಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಹಿಂದೆ ಬರುತ್ತವೆ, ಬರೆದಿಟ್ಟ ವ್ಯಾಪಾರ ಅಳಿಸಿಹೋಗುತ್ತದೆ. ಅನುಭವ ಇರುವವರು ಅಂತಿಮ ಪಟ್ಟಿ ಬಂದ ದಿನವೇ ಸಣ್ಣ ಮರುಮುದ್ರಣ ಹಾಕಿಸುತ್ತಾರೆ, ಗೆದ್ದ ಮೇಲೆ ಇನ್ನೊಂದು ಸಣ್ಣದು. ಒಂದೇ ಸಲಕ್ಕೆ ಹತ್ತು ಸಾವಿರ ಹಾಕಿಸಿದರೆ ಪ್ರತಿಯ ಖರ್ಚು ಇಳಿಯುತ್ತದೆ ನಿಜ. ಎಷ್ಟೋ ಸಣ್ಣ ಪ್ರಕಾಶನಗಳು ಮುಳುಗುವುದೂ ಆ ಆಸೆಯಿಂದಲೇ.

ಇದಕ್ಕಿಂತ ಬುದ್ಧಿವಂತಿಕೆಯ ದಾರಿ ಗಂಡಾಂತರ ಹಂಚಿಕೊಳ್ಳುವುದು. ಜಿರಮೊಂಡೊ, ಲಂಡನ್ನಿನ ಫಿಟ್ಸ್‌ಕರಾಲ್ಡೊ, ನ್ಯೂಯಾರ್ಕಿನ ನ್ಯೂ ಡೈರೆಕ್ಷನ್ಸ್ ಮೂರೂ ಸೇರಿ ‘ನಾವೆಲ್ ಪ್ರೈಜ್’ ಎಂಬ ಸ್ಪರ್ಧೆ ನಡೆಸುತ್ತವೆ: ಅಪ್ರಕಟಿತ ಹಸ್ತಪ್ರತಿಗೆ ಅಮೆರಿಕದ 10,000 ಡಾಲರ್, ಜೊತೆಗೆ ಮೂರು ಕಡೆಯೂ ಪ್ರಕಟಣೆ. ಜೆಸಿಕಾ ಔ ಅವರ ತೆಳು ಕಾದಂಬರಿ ಮೊದಲ ಸಲ ಗೆದ್ದದ್ದು. ಹಸ್ತಪ್ರತಿಗಳನ್ನು ಓದುವ ಶ್ರಮ ಹಂಚಿಹೋಗುತ್ತದೆ, ಒಂದು ದೇಶದ ವಿಮರ್ಶೆ ಇನ್ನೊಂದು ದೇಶದಲ್ಲಿ ಮಾರಾಟಕ್ಕೆ ನೆರವಾಗುತ್ತದೆ.

ಕರ್ನಾಟಕದ ಓದುಗರಿಗೆ ಈ ಪುಸ್ತಕಗಳು ಸಿಗುವುದೂ ಇಂಥ ಒಡನಾಟದಿಂದಲೇ. ಸಿಡ್ನಿಯಿಂದ ತರಿಸಿದರೆ ಅಂಚೆಯ ಖರ್ಚು ಪುಸ್ತಕದ ಬೆಲೆಯನ್ನು ಮೀರಿಬಿಡಬಹುದು. ಬ್ರಿಟನ್ ಅಥವಾ ಅಮೆರಿಕದ ಆವೃತ್ತಿ ಹುಡುಕಿ. ಔ ಅವರದ್ದು ಫಿಟ್ಸ್‌ಕರಾಲ್ಡೊ ಹೆಸರಿನಲ್ಲಿ ಸಿಗುತ್ತದೆ. ‘ಪ್ರೇಯ್ಸ್‌ವರ್ದಿ’ ಮತ್ತು ‘ಬಾರ್ಡರ್ ಡಿಸ್ಟ್ರಿಕ್ಟ್ಸ್’ ಅನ್ನು ಬ್ರಿಟನ್ನಿನಲ್ಲಿ ತಂದದ್ದು ಶೆಫೀಲ್ಡಿನ ಆ್ಯಂಡ್ ಅದರ್ ಸ್ಟೋರೀಸ್. ಹೌದು, ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂದು ತಂದು, 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಅದೇ ಸಣ್ಣ ಪ್ರಕಾಶನ. ಅವರ ಪಟ್ಟಿಯಲ್ಲಿ ಹಾಸನದ ಲೇಖಕಿ, ಗೊರೋಕಿನ ಮುದುಕ, ಕಾರ್ಪೆಂಟೇರಿಯಾ ಕೊಲ್ಲಿಯ ಕತೆಗಾತಿ ಮೂವರೂ ಇದ್ದಾರೆ.

ಕನ್ನಡಕ್ಕೆ ತರುವ ಮನಸ್ಸಿದ್ದವರಿಗೆ ಎರಡು ಮಾತು. ಲೇಖಕರು ಮಿಂಚಂಚೆಯಲ್ಲಿ ‘ಧಾರಾಳವಾಗಿ ಮಾಡಿ’ ಅಂದರೆ ಸಾಲದು. ಅನುವಾದದ ಹಕ್ಕು ಅವರ ಕೈಯಲ್ಲೇ ಇರಬೇಕೆಂದೇನಿಲ್ಲ, ಪ್ರಕಾಶಕರ ಬಳಿಯೋ ಏಜೆಂಟರ ಬಳಿಯೋ ಇರಬಹುದು. ಬರೆಯುವಾಗ ಭಾಷೆ, ಎಷ್ಟು ಪ್ರತಿ, ಅಂದಾಜು ಬೆಲೆ, ಎಷ್ಟು ವರ್ಷಕ್ಕೆ, ಇ-ಪುಸ್ತಕ ಸೇರಿದೆಯೇ ಇಲ್ಲವೇ, ಎಲ್ಲ ಮೊದಲ ಪತ್ರದಲ್ಲೇ ಹೇಳಿ. ಅವಧಿ ಸಹಿ ಹಾಕಿದ ದಿನದಿಂದ ಎಣಿಕೆಯಾಗುವ ಕರಾರಾದರೆ ಎಚ್ಚರ: ಏಳುನೂರು ಪುಟ ಅನುವಾದ ಮುಗಿಯುವುದರೊಳಗೆ, ಐದು ವರ್ಷದ ಕರಾರು ಎಂದುಕೊಂಡರೆ, ಅದರಲ್ಲಿ ಎರಡು ವರ್ಷ ಸವೆದಿರುತ್ತದೆ. ಪ್ರಕಟಣೆಯ ದಿನದಿಂದ ಎಣಿಸಲು ಕೇಳಿ.

ಇನ್ನು ಒಳಗಿನ ಕಷ್ಟ. ‘ಪ್ರೇಯ್ಸ್‌ವರ್ದಿ’ಯಲ್ಲಿ ಊರಿನ ಮೇಲೆ ಮಬ್ಬು ಕವಿದು ಕೂತಿದೆ. ಕಾಸ್ ಮ್ಯಾನ್ ಸ್ಟೀಲ್ ಎಂಬವನು ಪೆಟ್ರೋಲು-ಡೀಸೆಲ್ಲಿನ ತೈಲ ಮುಗಿದ ಕಾಲಕ್ಕೆಂದು ಕಾಡುಕತ್ತೆಗಳನ್ನು ಹಿಡಿದು ಸಾಗಾಟದ ಧಂದೆ ಕಟ್ಟಹೊರಟಿದ್ದಾನೆ. ಅವನ ದೊಡ್ಡ ಮಗನ ಹೆಸರೇ ಅಬೊರಿಜಿನಲ್ ಸಾವರಿನ್ಟಿ. ಆ ಹುಡುಗ ಕಾಣೆಯಾದಾಗ ಊರವರು ಹುಡುಕುತ್ತಾರೆ, ಆ ವಾಕ್ಯಗಳೆಲ್ಲ ಎರಡೆರಡು ಅರ್ಥ ಹೊರುತ್ತವೆ: ಕಳೆದುಹೋದದ್ದು ಒಂದು ಮನೆಯ ಹುಡುಗನೂ ಹೌದು, ಒಂದು ಜನಾಂಗದ ಸಾರ್ವಭೌಮತ್ವವೂ ಹೌದು. ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬಿಟ್ಟರೆ ಎರಡನೇ ಅರ್ಥ ಸಾಯುತ್ತದೆ. ‘ಮೂಲನಿವಾಸಿ ಸಾರ್ವಭೌಮತ್ವ’ ಎಂದರೆ ತಾಯಿ ಮಗನನ್ನು ಕೂಗುವ ಕಡೆ ಸರ್ಕಾರಿ ಸುತ್ತೋಲೆ ಓದಿದಂತಾಗುತ್ತದೆ. ‘ನೆಲದೊಡೆಯ’ ಎಂಬಂಥ, ಮಗುವನ್ನು ಕರೆಯಲೂ ಬರುವ, ಹಕ್ಕಿನ ಮಾತನ್ನೂ ಹೊರುವ ಹೆಸರು ಹುಡುಕಬೇಕು. ಅಂಥ ಹೆಸರು ಸಿಗುವವರೆಗೆ ಮೊದಲ ಅಧ್ಯಾಯ ಮುಟ್ಟದಿರುವುದು ಒಳ್ಳೆಯದು, ಪುಸ್ತಕವಿಡೀ ಆ ಒಂದು ಹೆಸರಿನ ಮೇಲೆ ನಿಂತಿದೆ.

ಮುಖಪುಟಕ್ಕೆ ದಯವಿಟ್ಟು ಚುಕ್ಕೆಚಿತ್ರ ಹಾಕಬೇಡಿ. ‘ಆಸ್ಟ್ರೇಲಿಯಾದ ಆದಿವಾಸಿ’ ಎಂದ ಕೂಡಲೆ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ. ಹಲಗೆ, ಕ್ಯಾನ್ವಾಸಿನ ಮೇಲಿನ ಆ ಶೈಲಿ 1970ರ ದಶಕದ ಆರಂಭದಲ್ಲಿ ನಡುನಾಡಿನ ಮರುಭೂಮಿಯ ಪಪುನ್ಯಾದಲ್ಲಿ ಶುರುವಾದದ್ದು. ಅದರ ಆಕೃತಿಗಳಿಗೆ ಒಡೆತನದ ಕಟ್ಟಳೆಗಳಿವೆ, ಯಾರು ಬೇಕಾದರೂ ಬರೆಯುವಂತಿಲ್ಲ. ರೈಟ್ ಅವರ ಊರು ಉತ್ತರದ ಕೊಲ್ಲಿಯ ಕಡೆಯದು. ಯಕ್ಷಗಾನದ ಪುಸ್ತಕಕ್ಕೆ ಕಥಕ್ಕಳಿಯ ಚಿತ್ರ ಹಾಕಿದರೆ ಕರಾವಳಿಯವರಿಗೆ ಹೇಗಾಗುತ್ತದೋ ಹಾಗೆ.

ಓದಲು ಶುರು ಮಾಡುವವರು ‘ಪ್ರೇಯ್ಸ್‌ವರ್ದಿ’ಗೆ ಮೊದಲು ಕೈ ಹಾಕಬೇಡಿ, ನೂರು ಪುಟಕ್ಕೆ ಸೋತು ಬಿಡುವವರೇ ಹೆಚ್ಚು. ‘ಕೋಲ್ಡ್ ಎನಫ್ ಫಾರ್ ಸ್ನೋ’, ಆಮೇಲೆ ‘ಹಾಸ್ಪಿಟಲ್’, ಎರಡೂ ಒಂದು ವಾರಾಂತ್ಯದ ಓದು. ಅಲ್ಲಿಂದ ‘ಕಾರ್ಪೆಂಟೇರಿಯಾ’. ಆಕಾಶದಿಂದ ಇಳಿದ ಮಹಾಸರ್ಪ ನೆಲದಲ್ಲಿ ಹರಿದಾಡಿ ನದಿಗಳನ್ನು ಕೊರೆಯುವುದರಿಂದ ಅದು ಶುರುವಾಗುತ್ತದೆ. ಆ ಮೊದಲ ಪುಟಗಳನ್ನು ಕಣ್ಣಲ್ಲಿ ಓದಿದರೆ ವಾಕ್ಯ ಉದ್ದ ಅನ್ನಿಸುತ್ತದೆ; ಬಾಯಿಬಿಟ್ಟು ಓದಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ವಾಕ್ಯವೇ ಹೇಳಿಕೊಡುತ್ತದೆ.